ನೀಲಿ ನಡುವಿನ ಬೆಳ್ಳಿ

ಅಂಗಡಿಯಲ್ಲಿ ನನಗೆ ಬೇಕಾದ ವಸ್ತುವಿಗೆ ನಾನು ಮೊದಲು ಕೈ ಹಾಕುವುದಿಲ್ಲ. ಬೇಡದ ಒಂದೆರಡನ್ನು ಎತ್ತಿ ನೋಡಿ, ಬೆಲೆ ಕೇಳಿ, ಮುಖ ಸಿಂಡರಿಸಿ, ಎದ್ದು ಚಪ್ಪಲಿಗೆ ಕಾಲು ತೂರಿಸುತ್ತಾ, ಹೋಗಲಿ ಅದೆಷ್ಟು ಎಂದು ಬೇಕಾದದ್ದನ್ನು ಕೇಳಬೇಕು. ಸೀರೆಗೂ ಇದೇ ದಾರಿ, ಹಳೆ ಫ್ರಿಜ್ಜಿಗೂ ಇದೇ ದಾರಿ. ರಾಯಚೂರಿನ ಕಡೆಯಿಂದ ಹೈದರಾಬಾದಿಗೆ ಬಂದು ಕಂಪನಿಗಳ ಗೇಟಿನ ಹೊರಗೆ ಜೋಳದ ರೊಟ್ಟಿಯ ಡಬ್ಬಿ ಮಾರುತ್ತಿದ್ದವಳು, ಮಣಿಕೊಂಡದಲ್ಲಿ ಇಡೀ ಕಟ್ಟಡ ಹಿಡಿದು ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವಷ್ಟಾದದ್ದು ಈ ವಿದ್ಯೆಯಿಂದ. ಮಂಚ, ಹಾಸಿಗೆ, ನೀರಿನ ಟ್ಯಾಂಕು, ಯಾವುದನ್ನೂ ಹೇಳಿದ ಬೆಲೆಗೆ ಕೊಂಡವಳಲ್ಲ. ಹೊಸದಾಗಿ ಕೆಲಸಕ್ಕೆ ಸೇರಿ ಬರುವ ಹುಡುಗಿಯರಿಗೆ ಮೊದಲು ಕಲಿಸುತ್ತಿದ್ದದ್ದೂ ಇದನ್ನೇ: ಬೇಕು ಅನ್ನುವುದು ಕಣ್ಣಲ್ಲಿ ಕಾಣಬಾರದು.

ಇದೇ ವಿದ್ಯೆ ಒಂದು ಮಧ್ಯಾಹ್ನ ಒಂದು ನಾಣ್ಯವನ್ನು ಹಾಳುಮಾಡುವ ತನಕ ಹೋಗಿತ್ತು. ಆಗಿನ್ನೂ ವಿಮಾನಗಳು ಬೇಗಂಪೇಟೆಯಲ್ಲೇ ಇಳಿಯುತ್ತಿದ್ದವು. ನಮ್ಮ ಓಣಿಯಲ್ಲಿ ಬಂಡೆ ಒಡೆಯುವ ಸದ್ದು ನಿಂತ ದಿನವಿರಲಿಲ್ಲ. ಇವತ್ತು ಕಲ್ಲುಗುಡ್ಡ ಇದ್ದಲ್ಲಿ ನಾಳೆ ಕಂಪನಿ.

ಕಟ್ಟಡದ ಮೇಲಿನ ಮನೆಯನ್ನು ನಾನು ಕೊರಿಯಾದ ಒಬ್ಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಮಧ್ಯವಯಸ್ಸಿನವಳು, ಒಂಟಿ, ಹೈಟೆಕ್ ಸಿಟಿಯ ಕಂಪನಿಯೊಂದರಲ್ಲಿ ದೊಡ್ಡ ಕೆಲಸ. ಬಾಡಿಗೆ ತಾರೀಖು ತಪ್ಪುತ್ತಿರಲಿಲ್ಲ, ಚಪ್ಪಲಿ ಹೊರಗೆ ಬಿಡುತ್ತಿದ್ದಳು, ನಮ್ಮ ಶೇಂಗಾ ಚಟ್ನಿಯನ್ನು ಬರಿ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದಳು. ಕನ್ನಡದಲ್ಲಿ ಅವಳಿಗೆ ಬರುತ್ತಿದ್ದದ್ದು 'ಅಕ್ಕಾ' ಮತ್ತು 'ಸಾಕು'. ಹಾಸ್ಟೆಲಿನ ಕುಂದಾಪುರದ ಕಡೆಯ ಹುಡುಗಿಯೊಬ್ಬಳು ಅವಳ ಕೈಕೆಳಗೇ ಕೆಲಸ ಮಾಡುತ್ತಿದ್ದಳು. ನಮ್ಮಿಬ್ಬರ ನಡುವಿನ ಮಾತೆಲ್ಲ ಆ ಹುಡುಗಿಯ ಬಾಯಿಂದಲೇ ದಾಟಬೇಕು.

ಅವರ ದೇಶದಲ್ಲಿ ಸುಗ್ಗಿಯ ಹೊತ್ತಿಗೆ ಹಿರಿಯರಿಗೆ ಎಡೆ ಇಡುವ ದೊಡ್ಡ ಹಬ್ಬವೊಂದಿದೆ. ಅದಕ್ಕೆ ಅವಳು ಊರಿಗೆ ಹೊರಟಾಗ, ಇದೇ ಸಮಯ ಎಂದು ಅವಳ ಮನೆಗೆ ಬಣ್ಣ ಹೊಡೆಸಲು ನಾನು ಆಳುಗಳನ್ನು ಗೊತ್ತುಮಾಡಿದ್ದೆ. ಹೊರಡುವ ಮುಂಚೆ ಅವಳು ಕೆಳಗಿಳಿದು ಬಂದು ನಮ್ಮ ಊಟದ ಮೇಜಿನ ಮೇಲೆ ಒಂದು ಕರವಸ್ತ್ರ ಬಿಚ್ಚಿದಳು. ಒಳಗೊಂದು ಬೆಳ್ಳಿ ನಾಣ್ಯ. ನಮ್ಮ ಹಳೆ ಬೆಳ್ಳಿ ರೂಪಾಯಿಗಿಂತ ಒಂದು ಕೂದಲು ಅಗಲ. ಒಂದು ಬದಿಯಲ್ಲಿ ನಾಲ್ಕು ದೊಡ್ಡ ಅಕ್ಷರ. ಇನ್ನೊಂದು ಬದಿ ಬೋಳು, ಆದರೆ ಸರಿಯಾಗಿ ನಡುವೆ ಹುಣಸೆಬೀಜದಷ್ಟು ಜಾಗದಲ್ಲಿ ನೀಲಿ ಗಾಜು ಕರಗಿಸಿ ಕೂರಿಸಿದ್ದರು, ಆ ನೀಲಿಯೊಳಗೆ ಬೆಳ್ಳಿಯದೇ ಗೆರೆಗಳ ಒಂದು ಅಕ್ಷರ. ಈ ಕೆಲಸಕ್ಕೆ ನಮ್ಮ ಕಡೆಯ ಬೆಳ್ಳಿಯವರು ಮೀನಾ ಅನ್ನುತ್ತಾರೆ. ಬೆಳ್ಳಿ ಕಪ್ಪಾಗಿತ್ತು. ನೀಲಿ ಮಾತ್ರ ನಿನ್ನೆ ಹಾಕಿದ ಹಾಗಿತ್ತು.

ಅವಳು ಹೇಳಿದ್ದು, ಹುಡುಗಿ ನನಗೆ ದಾಟಿಸಿದ್ದು ಇಷ್ಟು. ಸಾವಿರದ ಎಂಟುನೂರ ಎಂಬತ್ತೆರಡರ ಸುಮಾರಿಗೆ ಅವರ ರಾಜ ಹೊಡೆಸಿದ ನಾಣ್ಯ ಇದು, ಅವರ ದೇಶದ ಮೊದಲ ಬೆಳ್ಳಿ ನಾಣ್ಯಗಳ ಪೈಕಿ. ಅದಕ್ಕೂ ಮುಂಚೆ ಅಲ್ಲಿ ನಡೆಯುತ್ತಿದ್ದದ್ದು ನಡುವೆ ಚೌಕ ತೂತಿನ ಕಂಚಿನಂಥ ಕಾಸು, ಹಗ್ಗಕ್ಕೆ ಪೋಣಿಸಿ ಹೊರುವುದು. ದೊಡ್ಡ ವ್ಯಾಪಾರವೆಂದರೆ ಕಾಸು ಹೊರಲು ಕತ್ತೆ ಬೇಕು. ಬಂದರುಗಳನ್ನು ತೆರೆದು ಹೊರದೇಶದವರೊಂದಿಗೆ ವ್ಯಾಪಾರ ಶುರುವಾದಾಗ ಆ ಕಾಸು ಸಾಲದಾಯಿತು. ಚೀನಾದಿಂದ ಬೆಳ್ಳಿ ಗಟ್ಟಿ ತರಿಸಿ, ಮೂರು ಅಳತೆಯ ನಾಣ್ಯ ಮಾಡಿಸಿದರು. ಇದು ಅದರಲ್ಲಿ ದೊಡ್ಡದು. ನಾಲ್ಕು ಅಕ್ಷರದಲ್ಲಿ ಮೊದಲಿನ ಎರಡಕ್ಕೆ 'ಮಹಾ ಪೂರ್ವ' ಎಂದರ್ಥ, ತಮ್ಮ ದೇಶವನ್ನು ಅವರು ಕರೆದುಕೊಳ್ಳುತ್ತಿದ್ದ ಒಂದು ಹೆಸರು. ನೀಲಿಯೊಳಗಿನ ಅಕ್ಷರ ಖಜಾನೆಯ ಗುರುತು. ಆದರೆ ಬೆಳ್ಳಿಯ ದರ ಏರಿತು, ನಾಣ್ಯ ಕೈಗೆ ಸಿಕ್ಕವರು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು, ಕೆಲವು ದೇಶವನ್ನೇ ಬಿಟ್ಟುಹೋದವು. ಸ್ವಲ್ಪ ಕಾಲದಲ್ಲೇ ಟಂಕಿಸುವುದು ನಿಂತಿತು. ಉಳಿದದ್ದೇ ಕಡಿಮೆ. ಉಳಿದವುಗಳಲ್ಲೂ ಎಷ್ಟೋ ಕಡೆ ಮೀನಾ ಉದುರಿಹೋಗಿದೆ. ಮೀನಾ ಇಡಿಯಾಗಿದ್ದರೇ ಅದಕ್ಕೆ ಮರ್ಯಾದೆ.

"ಒಳ್ಳೆ ಬೆಳ್ಳಿ ಮಂದಿ ಕೈಗೆ ಕೊಟ್ಟು, ಅದು ಸಂತ್ಯಾಗ ತಿರಗಲಿ ಅಂದ್ರ ಹೆಂಗ? ಆ ರಾಜಗ ಬುದ್ಧಿ ಹೇಳೋರು ಇರಲಿಲ್ಲೇನು?" ಎಂದೆ. ಹುಡುಗಿ ಅದನ್ನು ದಾಟಿಸಿದಾಗ ಅವಳು ನಕ್ಕು, "ಅಕ್ಕಾ ಇರಬೇಕಾಗಿತ್ತು" ಎಂದಳು.

ಆ ನಾಣ್ಯ ಅವಳಿಗೆ ಅಜ್ಜಿಯಿಂದ ಬಂದದ್ದು. ಯುದ್ಧದ ಕಾಲದಲ್ಲಿ ಅಜ್ಜಿ ಉತ್ತರದಿಂದ ದಕ್ಷಿಣಕ್ಕೆ ಓಡಿಬರುವಾಗ, ಹುದುಗು ಬರಿಸಿದ ಸೋಯಾ ಕಾಳಿನ ಗಟ್ಟಿ ಹಿಟ್ಟಿನ ಜಾಡಿಯೊಳಗೆ ಇದನ್ನು ಹುಗಿದು ತಂದಿದ್ದಳಂತೆ. ಆ ವಾಸನೆಯ ಜಾಡಿಗೆ ಯಾವ ಸಿಪಾಯಿಯೂ ಕೈ ಹಾಕಲಿಲ್ಲ. ಅಜ್ಜಿ ಸಾಯುವ ಮುಂಚೆ ಮೊಮ್ಮಗಳ ಕೈಗೇ ಕೊಟ್ಟಳು. ಅಣ್ಣಂದಿರಿಗೆ ಅದು ಒಪ್ಪಿಗೆಯಿಲ್ಲ. ಮನೆಯ ಹಿರಿಯ ವಸ್ತು ಹಿರಿಯ ಮಗನ ಮನೆಯಲ್ಲಿರಬೇಕು ಎನ್ನುವುದು ಅವರ ಮಾತು. ಹಬ್ಬಕ್ಕೆ ಒಯ್ದರೆ ವಾಪಸ್ ಬರುವುದಿಲ್ಲ. ಇಲ್ಲಿ ಮನೆಯಲ್ಲಿ ಬಿಟ್ಟರೆ ಬಣ್ಣದ ಆಳುಗಳು. ಹಾಗಾಗಿ ಹುಡುಗಿಯ ಕೈಗೆ ಕೊಟ್ಟಳು. ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟದ್ದು ನನಗೆ ನೆನಪಿದೆ.

ಹುಡುಗಿ ಅದನ್ನು ತನ್ನ ಸೂಟ್‌ಕೇಸಿನಲ್ಲಿ, ಹರಿದ ಗೆಜ್ಜೆಗಳನ್ನು ಇಟ್ಟಿದ್ದ ಬಟ್ಟೆಯ ಚೀಲದೊಳಗೆ ಹಾಕಿ ಬೀಗ ಹಾಕಿದಳು. ಬೆಳ್ಳಿ ಬೆಳ್ಳಿಯ ಜೊತೆ ಇರಲಿ ಎನ್ನುವ ಲೆಕ್ಕ. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಬೇರೆಯವರ ವಸ್ತುವನ್ನು ನಮ್ಮ ವಸ್ತುವಿನ ಜೊತೆ ಇಡಬಾರದು, ಇಟ್ಟರೆ ಮನೆಯವರ ಕಣ್ಣಿಗೆ ಅದೂ ನಮ್ಮದೇ.

ಅದೇ ಆಯಿತು. ಮಗಳನ್ನು ನೋಡಲು ಊರಿಂದ ತಾಯಿ ಬಂದರು. ಹುಡುಗಿ ಆಫೀಸಿಗೆ ಹೋದ ಮೇಲೆ ಸುಮ್ಮನೆ ಕೂರದೆ ಮಗಳ ಬಟ್ಟೆ ಮಡಿಸಿ, ದಿಂಬಿನ ಕೆಳಗಿದ್ದ ಕೀಲಿಯಿಂದ ಸೂಟ್‌ಕೇಸ್ ತೆಗೆದು ಜೋಡಿಸಿ, ಗೆಜ್ಜೆಯ ಚೀಲ ಕಂಡು, ಇದನ್ನು ಕೊಟ್ಟು ಹೊಸ ಜೋಡಿ ತಂದರೆ ಮಗಳಿಗೆ ಸಂತೋಷ ಎಂದುಕೊಂಡರು. ಅಂಗಡಿ ಯಾವುದು ಎಂದು ನನ್ನನ್ನೇ ಕೇಳಿದರು. ಮೆಹದಿಪಟ್ಟಣಂ ಮಾರ್ಕೆಟ್ಟಿನ ಓಣಿಯಲ್ಲಿ ನಮ್ಮ ರಾಯಚೂರಿನ ಕಡೆಯ ಸಾವ್ಕಾರರೊಬ್ಬರ ಬೆಳ್ಳಿ ಅಂಗಡಿಯಿದೆ, ಕನ್ನಡ ನಡೆಯುತ್ತದೆ, ತೂಕದಲ್ಲಿ ಮೋಸವಿಲ್ಲ ಎಂದು ಹೇಳಿ ಆಟೋ ಹತ್ತಿಸಿದ್ದೆ. ಅವರು ಗೆಜ್ಜೆಯನ್ನಷ್ಟೇ ಕೊಡುತ್ತಾರೆ ಎಂದೇ ನನ್ನ ತಲೆಯಲ್ಲಿತ್ತು.

ಮಧ್ಯಾಹ್ನ ಹುಡುಗಿ ಆಫೀಸಿನಿಂದ ಬೇಗ ಬಂದಳು. ಮೇಲಿನ ಮನೆಯವಳು ಆ ಸಂಜೆಯೇ ವಾಪಸ್ ಬರುವವಳಿದ್ದಳು, ನಾಣ್ಯ ತೆಗೆದಿಡೋಣ ಎಂದು. ಸ್ವಲ್ಪ ಹೊತ್ತಿಗೆ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ಅಮ್ಮ ಚೀಲ ಇಡೀ ಕೊಟ್ಟಿದ್ದಾರೆ."

ಹಿಂದೆ ತಾಯಿ, ಕೈಯಲ್ಲಿ ಹೊಸ ಗೆಜ್ಜೆಯ ಡಬ್ಬಿ. "ನಂಗೆಂತ ಗೊತ್ತು ಮಾರಾಯ್ತಿ. ಯಾವುದೋ ಪದಕದ ತುಂಡು ಅಂತ ಎಣಿಸಿದ್ದು. ಒಂದು ಮಾತು ಹೇಳಿ ಇಡುದಲ್ವಾ ನೀನು?"

"ಕೇಳಿ ಕೊಡುದಲ್ವಾ ನೀವು?"

"ಜಗಳ ಆಟೋದಾಗ ಮಾಡ್ರಿ," ಎಂದೆ. ಆ ಸಾವ್ಕಾರರು ಹಳೆ ಬೆಳ್ಳಿಯನ್ನು ಕೂಡಿಹಾಕಿ ಸಂಜೆ ಕರಗಿಸುವ ಭಟ್ಟಿಗೆ ಕಳಿಸುತ್ತಾರೆಂದು ನನಗೆ ಗೊತ್ತಿತ್ತು.

ಟೋಲಿಚೌಕಿಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆ ನಿಂತ ಆಟೋದಲ್ಲೇ ನಾನು ದಾರಿ ಹಾಕಿಕೊಟ್ಟೆ. ತಾಯಿಯ ಗುರುತು ಸಾವ್ಕಾರರಿಗಿರುತ್ತದೆ, ಅವರು ಆಟೋ ಬಿಟ್ಟು ಇಳಿಯಬಾರದು. ಹುಡುಗಿ ನನ್ನ ಜೊತೆ ಬರಬೇಕು, ನಾಣ್ಯ ಅದೇ ಹೌದೋ ಅಲ್ಲವೋ ಹೇಳಲು. ಹೌದಾದರೆ ಬಳೆ ತಿರುಗಿಸಬೇಕು, ಬಾಯಿ ತೆರೆಯಬಾರದು.

"ತಪ್ಪಿ ಬಂದಿದೆ ಅಂತ ನೇರ ಕೇಳುದಲ್ವಾ?" ಎಂದರು ತಾಯಿ.

ಕೇಳಬಹುದಿತ್ತು. ಆದರೆ ನಾನು ಹಾಗೆ ಕೇಳಿ ಕೆಟ್ಟವರನ್ನು ಕಂಡಿದ್ದೇನೆ. ನಿಮ್ಮ ಅವಸರ ಕಂಡ ಕೂಡಲೇ ಅಂಗಡಿಯವನಿಗೆ ವಸ್ತುವಿನ ಬೆಲೆ ತಿಳಿಯುತ್ತದೆ. ಆಮೇಲೆ ಅಯ್ಯೋ, ಅದನ್ನಾಗಲೇ ಕರಗಿಸಿಬಿಟ್ಟೆವಲ್ಲ ಅನ್ನುತ್ತಾನೆ. ನೀವು ಮೂಸೆಯೊಳಗೆ ಇಣುಕಿ ನೋಡಲಿಕ್ಕಾಗುತ್ತದೆಯೇ? ಆ ಸಾವ್ಕಾರರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಇಂಥ ವಸ್ತು ಅವರ ಕೈಗೆ ಬಂದದ್ದನ್ನೂ ಕಂಡಿರಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸಾವ್ಕಾರರು ಗಾದಿಯ ಮೇಲೆ ಕೂತು ಗೆಜ್ಜೆಯ ಕೊಂಡಿ ಒತ್ತುತ್ತಿದ್ದರು.

"ಬರ್ರಿ ಅಕ್ಕಾರ. ಭಾಳ ದಿನಕ್ಕ ಈ ಕಡೆ ದಾರಿ ನೆನಪಾತು."

"ಏನ್ ಬರೋದ್ರಿ ಸಾವ್ಕಾರ್ರ, ನಿಮ್ಮ ಅಂಗಡಿ ಮೆಟ್ಲ ಹತ್ತಿದ್ರ ನನ್ನ ಪರ್ಸಿಗೆ ಜ್ವರ ಬರ್ತೈತಿ."

"ಜ್ವರ ಬರೋದು ನನ್ನ ಗಲ್ಲಾಕ್ರಿ. ಹೋದ ಸಲ ನೀವು ಎದ್ದು ಹೋದ ಮ್ಯಾಲ ನನಗ ಊಟಾನೇ ಸೇರಲಿಲ್ಲ." ಹುಡುಗಿಯ ಕಡೆ ನೋಡಿ, "ಇವ್ರು?"

"ನಮ್ಮ ಹಾಸ್ಟೆಲ್ ಹುಡುಗಿ. ಯಾಪಾರ ಕಲೀಲಿ ಅಂತ ಕರ್ಕೊಂಡು ಬಂದೀನಿ."

"ಚಲೋ ಗುರುನ ಹಿಡದಿಯಮ್ಮ. ನಿನ್ನ ಮದುವ್ಯಾಗ ಪುರೋಹಿತನ ದಕ್ಷಿಣಾದಾಗೂ ಚೌಕಾಸಿ ಮಾಡ್ತಿ ನೋಡು."

ನಾನು ಕೂತು, ಸೆರಗಿನಲ್ಲಿ ಗಾಳಿ ಹಾಕಿಕೊಂಡು, ಕಳಸದಲ್ಲಿ ಹಾಕಲು ಒಂದು ಬೆಳ್ಳಿ ಬಿಲ್ಲೆ ಬೇಕು ಎಂದೆ. ಹೊಸದು ಬೇಡ, ಹಳೆ ಮಾಲಿನಲ್ಲಿ ಗುಂಡಗೆ ಏನಾದರೂ ಇದ್ದರೆ ತೂಕದ ಮೇಲೆ ಕೊಡಿ. ಅವರು ಹಿಂದಿನಿಂದ ಹಿತ್ತಾಳೆಯ ಪರಾತ ಎಳೆದು ಮುಂದಿಟ್ಟರು. ಮುರಿದ ಗೆಜ್ಜೆ, ಜಜ್ಜಿಹೋದ ಕುಂಕುಮದ ಭರಣಿ, ಕಾಲಿಲ್ಲದ ದೀಪ. "ಸಂಜಿಕ ಭಟ್ಟಿಗೆ ಹೋಗೋ ಮಾಲು. ಇದರಾಗ ಏನ್ ಆರಸ್ತೀರಿ ಆರಸ್ರಿ."

ಬೆರಳಿನಿಂದ ಕೆದಕಿದೆ. ಗೆಜ್ಜೆಗಳ ಸಂದಿಯಲ್ಲಿ ನೀಲಿ ಕಂಡಿತು. ಪಕ್ಕದಲ್ಲಿ ಬಳೆ ತಿರುಗಿದ ಸದ್ದಾಯಿತು. ನಾನು ಅದನ್ನು ದಾಟಿ ಒಂದು ಹಳೆ ರೂಪಾಯಿ ಎತ್ತಿದೆ. ಅದಕ್ಕೆ ಬೇರೆ ಗಿರಾಕಿ ಇದ್ದಾರೆ ಎಂದರು. ಭರಣಿಯ ಮುಚ್ಚಳ ಎತ್ತಿದೆ, ಸೊಟ್ಟಗಿದೆ ಎಂದು ಇಟ್ಟೆ. ಆಮೇಲೆ ಕೈ ಒರೆಸಿಕೊಳ್ಳುತ್ತಾ, ಎದ್ದೇಳುವವಳ ಹಾಗೆ ಮಂಡಿಗೆ ಕೈ ಊರಿ, "ಅದೇನ್ರಿ ಅದು, ನಡುವ ನೀಲಿ ಹಚ್ಯಾರ?" ಎಂದೆ.

"ಯಾವುದೋ ಪದಕದ್ದು. ಮುಂಜಾನಿ ಒಬ್ರು ಹಳೆ ಗೆಜ್ಜಿ ಕೂಡ ಹಾಕಿ ಹೋದ್ರು. ಬರಹ ಚೀನಾದವರದು ಇದ್ದಂಗ ಕಾಣ್ತೈತಿ. ಯಾರದಾದ್ರೇನು, ಬೆಳ್ಳಿ ಚಲೋ ಐತಿ."

ಕೈಗೆ ತೆಗೆದುಕೊಂಡೆ. ಅಂಚಿನ ಒಂದು ಕಡೆ ಒರೆಗಲ್ಲಿಗೆ ತಿಕ್ಕಿದ ಬಿಳಿ ಗುರುತಿತ್ತು. ಮೀನಾ ಇಡಿಯಾಗಿತ್ತು. ಆಗ ತೂಗಿಸಿ ದುಡ್ಡು ಕೊಟ್ಟು ಎದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಚೌಕಾಸಿ ಮಾಡದೆ ನಾನು ಎದ್ದರೆ ಸಾವ್ಕಾರರಿಗೆ ಅನುಮಾನ ಬರುತ್ತದೆ ಎನ್ನಿಸಿತು. ಅದು ಸುಳ್ಳಲ್ಲ, ನನ್ನನ್ನು ಬಲ್ಲ ಯಾರಿಗಾದರೂ ಬರುತ್ತಿತ್ತು. ತಕ್ಕಡಿಯ ಮೇಲೆ ನಾಣ್ಯ ಕೂತಾಗ ಹೇಳಿದೆ:

"ಈ ನೀಲಿ ಗಾಜಿಗೂ ಬೆಳ್ಳಿ ರೇಟೇನ್ರಿ? ಬೆಳ್ಳಿ ಕೊಡ್ರಿ ಅಂದ್ರ ಗಾಜು ತೂಗಿ ಕೊಡಾಕತ್ತೀರಲ್ಲ."

ಸಾವ್ಕಾರರ ಮುಖದಲ್ಲಿ ನಗು ಆರಿತು. "ಈ ಅಂಗಡ್ಯಾಗ ಗಾಜು ತೂಗ್ತಾರಂತ ಇವತ್ತಿನ ತನಕ ಯಾರೂ ಅಂದಿಲ್ಲ, ಅಕ್ಕಾರ."

"ಚೇಷ್ಟಿಗೆ ಅಂದೆ. ಕೊಡ್ರಿ."

"ಹಂಗಲ್ಲ. ನೀವು ಅಂದದ್ದು ಖರೇ ಐತಿ. ಮೀನಾದ ತೂಕ ಕಳೀಬೇಕು." ಅವರು ಆಗಲೇ ಗಾದಿಯ ಪಕ್ಕದ, ಬೆಳ್ಳಿ ಬಡಿಯುವ ಸಣ್ಣ ಅಡಿಗಲ್ಲನ್ನು ಮುಂದಕ್ಕೆ ಎಳೆದಿದ್ದರು. ಪೆಟ್ಟಿಗೆಯಿಂದ ಹಲ್ಲುಕಡ್ಡಿಯಷ್ಟು ಸಪೂರದ ಒಂದು ಚಾಣ ತೆಗೆದರು. "ಕೆತ್ತಿ ತೆಗದು ನಿವ್ವಳ ಬೆಳ್ಳಿ ತೂಗಿ ಕೊಡ್ತೀನಿ. ಹೆಂಗೂ ಭಟ್ಟಿಗೆ ಹಾಕೋ ಮುಂದ ತೆಗೀಲೇಬೇಕು."

ಬೆಳ್ಳಿಯವರ ಕಟ್ಟುನಿಟ್ಟು ಅದು. ಅರಗು ತುಂಬಿದ ಕಡಗ ಬಂದರೆ ಅರಗು ಇಳಿಸುತ್ತಾರೆ, ಕಲ್ಲು ಇದ್ದರೆ ಕಲ್ಲು ಕೀಳುತ್ತಾರೆ, ಮೀನಾ ಇದ್ದರೆ ಕೆತ್ತುತ್ತಾರೆ, ಆಮೇಲೆಯೇ ತಕ್ಕಡಿ. ನ್ಯಾಯವಾಗಿ ನಡೆಯುವವನೇ ಹಾಗೆ ಮಾಡುವುದು. ಮೋಸಗಾರನಾಗಿದ್ದರೆ ನನ್ನ ಮಾತಿಗೆ ನಕ್ಕು ಗಾಜನ್ನೂ ತೂಗಿ ಕೊಟ್ಟುಬಿಡುತ್ತಿದ್ದ, ನಾಣ್ಯ ಇಡಿಯಾಗಿ ನಮ್ಮ ಕೈ ಸೇರುತ್ತಿತ್ತು.

"ಇರಲಿ ಬಿಡ್ರಿ ಸಾವ್ಕಾರ್ರ, ಹಂಗ ಕೊಡ್ರಿ. ದೇವರ ಮುಂದ ಇಡೋದು, ನೀಲಿ ಇದ್ರ ಚಂದ."

"ಈಗ ಚಂದ ಆತೇನು? ಈಗಷ್ಟ ಗಾಜು ಅಂದ್ರಿ." ನಾಣ್ಯವನ್ನು ಮಗುಚಿ ನೀಲಿ ಬದಿ ಮೇಲೆ ಬರುವ ಹಾಗೆ ಅಡಿಗಲ್ಲಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ನಾಳೆ ಮಣಿಕೊಂಡದ ತುಂಬ ನೀವು ಹೇಳ್ಕೋತ ಹೋಗೋರು, ಸಾವ್ಕಾರ ಗಾಜಿಗೆ ಬೆಳ್ಳಿ ರೊಕ್ಕ ತಗೊಂಡ ಅಂತ. ನನಗ ಬ್ಯಾಡ."

"ನಾ ಯಾರಿಗೂ ಹೇಳಂಗಿಲ್ರಿ."

"ನೀವು? ಹೇಳಂಗಿಲ್ಲ?" ಅವರು ಹುಡುಗಿಯ ಕಡೆ ನೋಡಿ ಹುಬ್ಬೇರಿಸಿದರು. ಹುಡುಗಿಯ ಕಣ್ಣು ಚಾಣದ ತುದಿಯ ಮೇಲೇ ಇತ್ತು. ಅವಳು ನನ್ನ ತೋಳಿನ ಮೇಲೆ ಇಟ್ಟಿದ್ದ ಬೆರಳುಗಳು ಮಾಂಸಕ್ಕೆ ಇಳಿಯುತ್ತಿದ್ದವು. ಇನ್ನೊಂದು ನೆಪ, ಇನ್ನೊಂದು ನೆಪ ಎಂದು ನನ್ನ ತಲೆ ಹುಡುಕುತ್ತಿತ್ತು. ಅಷ್ಟು ವರ್ಷದ ವಿದ್ಯೆಯಲ್ಲಿ ಹಾಕಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ನಾನು ಕಲಿತಿರಲಿಲ್ಲ.

ಸುತ್ತಿಗೆ ಟಕ್ ಎಂದಿತು. ನೀಲಿಯ ಅಂಚಿನಿಂದ ಸಾಸಿವೆಯಷ್ಟು ಚೂರು ಹಾರಿ ಗಾದಿಯ ಬಿಳಿ ಬಟ್ಟೆಯ ಮೇಲೆ ಬಿತ್ತು.

ಎರಡನೆಯ ಏಟು ಬೀಳುವ ಮುಂಚೆ ನನ್ನ ಅಂಗೈ ನಾಣ್ಯದ ಮೇಲಿತ್ತು. ಹೇಗೆ ಇಟ್ಟೆನೋ ಗೊತ್ತಿಲ್ಲ. ಸುತ್ತಿಗೆ ನನ್ನ ಬೆರಳಿನ ಮೇಲೆ ಗೇಣೆತ್ತರದಲ್ಲಿ ನಿಂತಿತು.

"ಕೈ ತೆಗೀರಿ ಅಕ್ಕಾರ. ಹುಚ್ಚೇನು ನಿಮಗ?"

"ಕೆತ್ತಬ್ಯಾಡ್ರಿ. ಅದು ಪದಕಲ್ಲ."

ಅಷ್ಟರಲ್ಲಿ ಆಟೋದಲ್ಲಿ ಕೂರಲಾರದೆ ತಾಯಿ ಮೆಟ್ಟಿಲು ಹತ್ತಿ ಬಂದೇಬಿಟ್ಟಿದ್ದರು, ಗೆಜ್ಜೆಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು. "ಅದು ನಮ್ಮದಲ್ಲ ಮಾರಾಯ್ರೆ. ಇದು ಬೇಕಾದ್ರೆ ನೀವೇ ಇಟ್ಕೊಳ್ಳಿ, ಅದನ್ನು ಕೊಟ್ಬಿಡಿ."

ಸಾವ್ಕಾರರು ಅವರನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕೊನೆಗೆ ನನ್ನನ್ನು. ಬೆಳಗ್ಗೆ ಗೆಜ್ಜೆ ಹಾಕಿ ಹೋದವರು ಯಾರೆಂಬುದೂ, ನಾನು ಯಾಕೆ ಬಂದೆನೆಂಬುದೂ ಒಟ್ಟಿಗೇ ಅವರಿಗೆ ಹೊಳೆಯಿತು. ಸುತ್ತಿಗೆ ಕೆಳಗಿಟ್ಟು, ನನ್ನ ಅಂಗೈಯ ಕೆಳಗಿನಿಂದ ನಾಣ್ಯವನ್ನು ಮೆಲ್ಲಗೆ ಎಳೆದುಕೊಂಡು ಮುಷ್ಟಿ ಮುಚ್ಚಿದರು.

"ಈಗ ಹೇಳ್ರಿ. ಖರೇ ಹೇಳ್ರಿ."

ಹೇಳಿದೆ. ರಾಜ, ತೂತಿನ ಕಾಸು, ಚೀನಾದ ಬೆಳ್ಳಿ, ಜಾಡಿಯೊಳಗಿನ ಅಜ್ಜಿ, ಅಣ್ಣಂದಿರು, ಬಣ್ಣದ ಆಳುಗಳು, ಎಲ್ಲವನ್ನೂ. ಮೀನಾ ಹೋದರೆ ಅದರ ಮರ್ಯಾದೆ ಹೋಗುತ್ತದೆ ಎಂಬುದನ್ನೂ ಹೇಳಿದೆ. ಬೆಲೆ ಎಷ್ಟೆಂದು ಕೇಳಿದರು. ಗೊತ್ತಿಲ್ಲ, ಬಹಳ ಇರಬೇಕು ಎಂದೆ. ಅದು ನಿಜವೇ ಆಗಿತ್ತು. ಆದರೆ ಆ ಹೊತ್ತಿಗೆ ನನ್ನ ಬಾಯಲ್ಲಿ ನಿಜಕ್ಕೂ ತೂಕವಿರಲಿಲ್ಲ.

"ಬಾಗಲಾಗ ನಿಂತು, ತಪ್ಪಿ ಬಂದೈತಿ, ವಾಪಸ್ ಕೊಡ್ರಿ ಅಂದಿದ್ರ ನಾ ಕೊಡ್ತಿದ್ದಿಲ್ಲೇನು?"

"ಕೆಲವರು ಕೊಡ್ತಾರ. ಕೆಲವರು ಕರಗಿಸೀನಿ ಅಂತಾರ."

"ನಾ ಯಾವ ಪೈಕಿ ಅಂತ ಇಷ್ಟು ವರ್ಷದಾಗ ನಿಮಗ ತಿಳೀಲಿಲ್ಲ." ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾ ನಿಮಗ ಹೆಂಗ ಕೊಡ್ಲಿ ಈಗ? ಮೊದಲು ಕಳಸಕ್ಕ ಅಂದ್ರಿ. ಈಗ ಕೊರಿಯಾದಾಕಿ ಅಂತೀರಿ. ನಾಳೆ ಆಕಿ ಬಂದು, ನನ್ನ ನಾಣ್ಯ ಇವ್ರೇ ಮಾರ್ಕೊಂಡ್ರು ಅಂದ್ರ? ಯಾರದೈತೋ ಅವ್ರ ಕೈಯಾಗ ಕೊಡ್ತೀನಿ. ನಿಮಗ ಕೊಡಂಗಿಲ್ಲ."

ಎದ್ದು ಹೋಗಿ ನಾಣ್ಯವನ್ನೂ ಆ ಸಾಸಿವೆಯಷ್ಟು ಚೂರನ್ನೂ ತಿ­ಜೋರಿಯಲ್ಲಿಟ್ಟು ಬೀಗ ಹಾಕಿದರು. ವಾಪಸ್ ಬಂದು ಕೂತು, ನಾವು ಇಲ್ಲವೇ ಇಲ್ಲ ಎನ್ನುವ ಹಾಗೆ ಗೆಜ್ಜೆಯ ಕೊಂಡಿ ಒತ್ತಲು ಶುರುಮಾಡಿದರು.

ನಾವು ಬಂದದ್ದೇ ಮೇಲಿನ ಮನೆಯವಳಿಗೆ ತಿಳಿಯದ ಹಾಗೆ ಮುಗಿಸಲು. ಈಗ ಅವಳನ್ನೇ ಕರೆಯಬೇಕಾಯಿತು. ಹುಡುಗಿ ಫೋನ್ ಹಚ್ಚಿದಳು, ಅದು ಬಂದ್ ಇತ್ತು. ವಿಮಾನ ಇನ್ನೂ ಇಳಿದಿರಲಿಲ್ಲ. ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಮೂವರೂ ಕೂತೆವು. ತಾಯಿ ಮೆಲ್ಲಗೆ ಅಳುತ್ತಿದ್ದರು. ಹುಡುಗಿ ಅಳುತ್ತಿರಲಿಲ್ಲ, ಅದೇ ನನಗೆ ಭಯ. ಎರಡು ಕೈಯಲ್ಲಿ ಕೊಟ್ಟ ವಸ್ತು, ನಾಳೆಯಿಂದ ಅದೇ ಆಫೀಸಿನಲ್ಲಿ ಅವಳೆದುರಿಗೆ ಹೇಗೆ ಕೂರುವುದು ಎಂದಷ್ಟೇ ಒಮ್ಮೆ ಅಂದಳು. ನಾನು ನನಗೆ ಗೊತ್ತಿದ್ದ ದಾರಿ ಹೇಳಿಕೊಟ್ಟೆ: ಮೊದಲು ನಾಣ್ಯ ಭದ್ರವಾಗಿದೆ ಅನ್ನು, ಆಮೇಲೆ ಬೇರೆ ಎಲ್ಲ, ಚೂರು ಹಾರಿದ್ದನ್ನು ಕೊನೆಯಲ್ಲಿ ಹೇಳು. ಕೆಟ್ಟ ಸುದ್ದಿಯನ್ನು ಯಾವಾಗಲೂ ಒಳ್ಳೆಯ ಸುದ್ದಿಯ ಬೆನ್ನಿಗೆ ಕಟ್ಟಿ ಕಳಿಸಬೇಕು. ಅವಳು ತಲೆಯಾಡಿಸಿದಳು.

ಓಣಿಯಲ್ಲಿ ದೀಪ ಹತ್ತಿದವು. ಭಟ್ಟಿಯವನು ಬಂದು ಪರಾತದ ಮಾಲನ್ನು ಗೋಣಿಯಲ್ಲಿ ಸುರಿದುಕೊಂಡು ಹೋದ. ಎಲ್ಲ ಗೆಜ್ಜೆಗಳೂ ಒಟ್ಟಿಗೆ ಝಲ್ಲೆಂದಾಗ ಹುಡುಗಿ ಎದ್ದು ನಿಂತು ತಿ­ಜೋರಿಯ ಕಡೆ ನೋಡಿ ಮತ್ತೆ ಕೂತಳು. ಕೊನೆಗೆ ಫೋನ್ ಹತ್ತಿತು. ನನ್ನ ದಾರಿ ಹಿಡಿಯಲಿಲ್ಲ ಅವಳು. ಇಂಗ್ಲಿಷಿನಲ್ಲಿ ಮೊದಲ ಮಾತೇ, "ನಿಮ್ಮ ನಾಣ್ಯವನ್ನು ನಾನು ಕಳೆದುಕೊಂಡಿದ್ದೆ" ಎಂದಿತ್ತು.

ಮೇಲಿನ ಮನೆಯವಳು ವಿಮಾನ ನಿಲ್ದಾಣದಿಂದ ನೇರ ಅಲ್ಲಿಗೇ ಬಂದಳು. ಟ್ಯಾಕ್ಸಿಯ ಮೇಲೆ ಸೂಟ್‌ಕೇಸು, ಮುಖದಲ್ಲಿ ನಿದ್ದೆಯಿಲ್ಲದ ಊತ. ನಮ್ಮ ಕಡೆ ಒಮ್ಮೆ ನೋಡಿದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು.

ಸಾವ್ಕಾರರು ಕೂಡಲೇ ಕೊಡಲಿಲ್ಲ. "ಕೇಳಮ್ಮ ಅವ್ರನ್ನ," ಎಂದರು ಹುಡುಗಿಗೆ, "ನಾಣ್ಯ ನೋಡಲಾರದ ಗುರುತು ಹೇಳ್ಲಿ. ನೀಲಿ ಐತಿ ಅನ್ನೋದು ಬ್ಯಾಡ, ಅದು ಎಲ್ಲರಿಗೂ ಗೊತ್ತೈತಿ."

ಅವಳು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತನ್ನ ಬೆರಳನ್ನೇ ಸವರಿದಳು, ನಾಣ್ಯ ಅಲ್ಲೇ ಇರುವ ಹಾಗೆ. ಅಕ್ಷರಗಳ ಬದಿಯಲ್ಲಿ, ಬಲಗಡೆಯ ಅಕ್ಷರದ ಪಕ್ಕದ ಅಂಚಿನಲ್ಲಿ ಜಾಡಿಯ ಉಪ್ಪು ತಿಂದ ಒಂದು ಗುಳಿ ಇದೆ, ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ ಎಂದಳು. ಸಾವ್ಕಾರರು ತಿಜೋರಿ ತೆಗೆದು, ದೀಪದ ಕೆಳಗೆ ಉಗುರು ಆಡಿಸಿದರು. ಆಡಿಸುತ್ತಲೇ ಇದ್ದರು. ಆಮೇಲೆ ಅವರ ಬೆರಳು ನಿಂತಿತು. ಗಾದಿಯಿಂದ ಇಳಿದು ಬಂದು ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟರು, ಕಾಗದದ ಮಡಿಕೆಯಲ್ಲಿ ಆ ಚೂರನ್ನೂ.

"ಇದು ನನ್ನ ಚಾಣದ್ದು, ಹೇಳು ಅವ್ರಿಗೆ. ಒರಿಗೆ ತಿಕ್ಕಿದ್ದೂ ನಾನೇ."

ಅವಳು ನೀಲಿಯ ಅಂಚಿನ ಆ ಗಾಯವನ್ನು ದೀಪಕ್ಕೆ ಹಿಡಿದು ನೋಡಿದಳು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಇನ್ನೂ ಉದುರುತ್ತದೆಯೇ ಎಂದು ಕೇಳಿದಳು. ಇಲ್ಲ, ಉಳಿದದ್ದು ಗಟ್ಟಿಯಿದೆ, ಆದರೆ ಯಾರಿಂದಲೂ ಅದನ್ನು ತುಂಬಿಸಬೇಡಿ, ಹೊಸ ಮೀನಾಕ್ಕೆ ಬೆಂಕಿ ತಾಗಿಸಬೇಕಾಗುತ್ತದೆ, ಹಳೆಯದೂ ಬಿರುಕು ಬಿಡುತ್ತದೆ ಎಂದರು ಸಾವ್ಕಾರರು. ಅವಳು ತಲೆಬಾಗಿಸಿದಳು. ಟ್ಯಾಕ್ಸಿಗೆ ಹೋಗಿ ಸೂಟ್‌ಕೇಸ್ ತೆಗೆಸಿ, ಹಬ್ಬದ ಅಕ್ಕಿ ಕಡುಬಿನ ಡಬ್ಬಿ ತಂದು ಎರಡೂ ಕೈಯಲ್ಲಿ ಅವರಿಗೆ ಕೊಟ್ಟಳು. ಅದು ನನಗೆಂದು ತಂದ ಡಬ್ಬಿ. ಕೇಳಿ ತಿಳಿದದ್ದಲ್ಲ, ಅದರ ಮೇಲೆ ಅವಳೇ ವಕ್ರವಕ್ರವಾಗಿ ಕನ್ನಡದಲ್ಲಿ 'ಅಕ್ಕಾ' ಎಂದು ಬರೆದಿದ್ದಳು.

ನಾಣ್ಯದ ತೂಕದ ಬೆಳ್ಳಿಯ ದುಡ್ಡನ್ನು ನಾನು ಗಾದಿಯ ಮೇಲಿಟ್ಟೆ. ಸಾವ್ಕಾರರು ಬಿಡಿಸಿ ನೋಡಿ ಗಲ್ಲಾಕ್ಕೆ ಹಾಕಿಕೊಂಡರು. ಒಂದು ಪೈಸೆ ಬಿಟ್ಟುಕೊಡಲಿಲ್ಲ, ನಾನೂ ಕೇಳಲಿಲ್ಲ.

ಹುಡುಗಿಯ ಕೆಲಸಕ್ಕೇನೂ ಆಗಲಿಲ್ಲ. ಮೇಲಿನ ಮನೆಯವಳು ಆಫೀಸಿನಲ್ಲಿ ಮೊದಲಿನ ಹಾಗೇ ಇದ್ದಾಳೆ ಎಂದು ಹುಡುಗಿ ಹೇಳುತ್ತಿದ್ದಳು. ಆದರೆ ನಮ್ಮ ಊಟದ ಮೇಜಿಗೆ ಅವಳು ಬರುವುದು ಕಡಿಮೆಯಾಯಿತು. ಚಟ್ನಿ ಮೇಲಕ್ಕೆ ಕಳಿಸಿದರೆ ಡಬ್ಬಿ ತೊಳೆದು ಬರುತ್ತಿತ್ತು, ಅಷ್ಟೇ. ನಾನು ಆಮೇಲೂ ಚೌಕಾಸಿ ಬಿಟ್ಟಿಲ್ಲ, ಬಿಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ಕೊಳ್ಳುವಾಗ ಮಾಡಿ. ನಿಮ್ಮ ಕೈ ಬಿಟ್ಟುಹೋದದ್ದನ್ನು ವಾಪಸ್ ಕೇಳುವಾಗ ಮಾಡಬೇಡಿ. ಅದು ಬೇರೆ ವ್ಯವಹಾರ.

ಮುಂದಿನ ವರ್ಷ ಅದೇ ಹಬ್ಬಕ್ಕೆ ಅವಳು ಮತ್ತೆ ಊರಿಗೆ ಹೊರಟಳು. ಹೊರಡುವ ಮುಂಚೆ ಹುಡುಗಿಯನ್ನು ಕರೆದುಕೊಂಡು ಕೆಳಗಿಳಿದು ಬಂದಳು. ಕೈಯಲ್ಲಿ ಅದೇ ಕರವಸ್ತ್ರ. ನಾನು ಕುರ್ಚಿ ಎಳೆದು, ಮೇಜು ಒರೆಸಿದೆ. ಅವಳು ಕೂರಲಿಲ್ಲ. ಮೆಹದಿಪಟ್ಟಣಂಗೆ ಹೋಗುತ್ತಿದ್ದೇವೆ, ನಾಣ್ಯವನ್ನು ಆ ಸಾವ್ಕಾರರ ತಿಜೋರಿಯಲ್ಲಿ ಇಟ್ಟು ಹೋಗಬೇಕಂತೆ ಎಂದಳು ಹುಡುಗಿ, ನನ್ನ ಮುಖ ನೋಡದೆ. "ಅವರು ನಂಬಿಕಸ್ತರಾ ಅಂತ ನಿಮ್ಮನ್ನು ಕೇಳಬೇಕಂತೆ ಅಕ್ಕಾ."

ಒದ್ದೆ ಬಟ್ಟೆ ನನ್ನ ಕೈಯಲ್ಲೇ ಇತ್ತು.

"ಇಡು ಅನ್ನು," ಎಂದೆ. "ನನಗೇ ಕೊಡಲಿಲ್ಲ ಆತ."